ರವಾನೆ ವಹಿಯ ಏಳನೇ ಸಾಲು

"ಊರ ಹೆಸರು ಹೇಳು ಲೇ! ಊರ ಹೆಸರು ಅಷ್ಟ!"

ಧೂಳಪ್ಪ ನನ್ನ ಕುತ್ತಿಗೆ ಹಿಡಿದು ಮತ್ತೆ ಬಗ್ಗಿಸಿದ.

ಮುಖದ ಕೆಳಗೆ ನೀಲಿ ಪ್ಲಾಸ್ಟಿಕ್ ಟಬ್ಬು. ಅದರ ತುಂಬ ದ್ರಾಕ್ಷಿ ಅದ್ದುವ ಔಷಧಿ ನೀರು. ದ್ರಾಕ್ಷಿಯ ಸಿಪ್ಪೆಯನ್ನೇ ಸಡಿಲ ಮಾಡುವ ನೀರು ಅದು. ಕಣ್ಣಿಗೆ ಏನು ಮಾಡುತ್ತದೆ ಅಂತ ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ...

ಮುಳುಗಿಸಿದ. ಹಿಡಿದ. ಎತ್ತಿದ.

ಕೆಮ್ಮಿದೆ. ಮೂಗು, ಗಂಟಲು, ಕಣ್ಣು ಎಲ್ಲಾ ಒಟ್ಟಿಗೆ ಉರಿಯಿತು.

"ಗೊತ್ತಿಲ್ಲ," ಅಂದೆ.

"ಗೊತ್ತಿಲ್ಲೇನು? ಮತ್ತ ಸೋಮವಾರ ಆಫೀಸಿನ್ಯಾಗ ಒಂದು ತಾಸು ಕುಂತು ಏನ್ ನೋಡಿದಿ? ಗ್ವಾಡಿ ಮ್ಯಾಲಿನ ಹಲ್ಲಿ?"

ಅವನ ಹಿಂದೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅವನ ಧಣಿ ಗುರಲಿಂಗಪ್ಪ ಸಾವಕಾರ ಕೂತಿದ್ದ. ತಿಕೋಟಾದ ಸುತ್ತ ಕಾಣುವ ದ್ರಾಕ್ಷಿ ತೋಟಗಳಲ್ಲಿ ಅರ್ಧ ಅವನವು. ಈ ಒಣದ್ರಾಕ್ಷಿ ಶೆಡ್ಡೂ ಅವನದೇ. ಬೆಳಗಿನ ಹನ್ನೊಂದು ಗಂಟೆ. ತಲೆಯ ಮೇಲೆ ಅಂತಸ್ತು ಅಂತಸ್ತಾಗಿ ಬಲೆ. ಬಲೆಯ ತುಂಬ ದ್ರಾಕ್ಷಿ. ಕೂತಲ್ಲಿಂದಲೇ ಕೈ ಚಾಚಿ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡ. ಅಗಿದ. ಇನ್ನೂ ಎರಡು ದಿನ ಬಿಸಿಲು ಬೇಕು ಅನ್ನುವ ಹಾಗೆ ತಲೆಯಾಡಿಸಿದ.

"ಅಮೋಘಿ," ಅಂದ. "ನೀ ಶಾಣ್ಯಾ ಅದಿ. ಬಿ.ಎ. ಓದೀ. ನಿನ್ನ ಹೊಡಸೂದು ನನಗ ಛಲೋ ಅನಸೂದಿಲ್ಲ."

"ನನಗೂ ಅನಸವಲ್ದು ಸಾವ್ಕಾರ್ರ."

ಧೂಳಪ್ಪ ಮತ್ತೆ ಮುಳುಗಿಸಿದ!

ನೀರಿನ ಒಳಗೆ ಒಂದು ಥರದ ಮೌನ ಇರುತ್ತದೆ. ಅಲ್ಲಿ ಒಂದೇ ಊರಿನ ಹೆಸರು ಗಂಟೆ ಹೊಡೆದಂತೆ ಹೊಡೆಯುತ್ತಿತ್ತು. ಕಾಖಂಡಕಿ... ಕಾಖಂಡಕಿ...

ಅದು ನನಗೆ ಹೇಗೆ ಗೊತ್ತಾಯಿತು ಅಂತ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನನ್ನು ಒಳ್ಳೆಯವನು ಅಂದುಕೊಂಡುಬಿಡುತ್ತೀರಿ.

ನನ್ನ ಹೆಸರು ಅಮೋಘಸಿದ್ದ. ವಿಜಯಪುರದ ಗಾಂಧಿ ಚೌಕದಲ್ಲಿ, ಬಟ್ಟೆ ಅಂಗಡಿಯೊಂದರ ಮೇಲೆ, ಒಂದು ರೂಮು. ಒಂದು ಟೇಬಲ್ಲು, ಎರಡು ಕುರ್ಚಿ. ಬೋರ್ಡಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಬರೆಯುವುದು ನನ್ನ ಕಸುಬು. ಅರ್ಜಿ ಕೊಟ್ಟ ಮೂವತ್ತು ದಿನದಲ್ಲಿ ಕಚೇರಿ ಉತ್ತರ ಹೇಳಬೇಕು. ಸರ್ಕಾರಿ ಕಪಾಟಿನಲ್ಲಿ ಇರುವುದನ್ನು ಹೊರಗೆ ತರುತ್ತೇನೆ. ಹನ್ನೆರಡು ವರ್ಷದಿಂದ ತರುತ್ತಿದ್ದೇನೆ. ಕಳ್ಳ ಬಿಲ್ಲು ತಂದಿದ್ದೇನೆ, ಸುಳ್ಳು ರಸ್ತೆ ತಂದಿದ್ದೇನೆ. ಅಣ್ಣತಮ್ಮಂದಿರು ಹೊಡೆದಾಡುವಂಥ ಕಾಗದವನ್ನೂ ತಂದಿದ್ದೇನೆ. ಯಾಕೆ ಬೇಕು ಅಂತ ನಾನು ಕೇಳುವುದಿಲ್ಲ. ಕಾಯ್ದೆಯೂ ಕೇಳುವುದಿಲ್ಲ.

ಜನವರಿಯಲ್ಲಿ ಗುರಲಿಂಗಪ್ಪ ನನ್ನ ಮೆಟ್ಟಿಲು ಹತ್ತಿ ಬಂದ.

"ಜಾತಿ ಬಿಟ್ಟು ಮದುವಿ ಆದವರಿಗೆ ಸರ್ಕಾರ ರೊಕ್ಕಾ ಕೊಡ್ತೈತಿ. ಅದರಾಗ ಬೋಗಸ್ ಜೋಡಿ ಭಾಳ ಅದಾವಂತ. ಹೆಸರು, ವಿಳಾಸ ತಗಸು."

ನಾನು ಕೇಳಲಿಲ್ಲ. ಬರೆದೆ.

ಆ ರೊಕ್ಕ ಕೊಡುವ ಕಚೇರಿಯಲ್ಲಿ ಮಾಹಿತಿ ಕೊಡುವ ಅಧಿಕಾರಿ ಕಸ್ತೂರಿ ಮೇಡಂ. ಐವತ್ತರ ಹೆಂಗಸು. ಮಾತು ಕಡಿಮೆ, ಸಹಿ ದಪ್ಪ. ಅವರಿಂದ ಎರಡೇ ಸಾಲಿನ ಉತ್ತರ ಬಂತು. ಇದು ಜನರ ಖಾಸಗಿ ವಿವರ, ಬಹಿರಂಗ ಮಾಡಿದರೆ ಅವರ ಖಾಸಗಿತನಕ್ಕೆ ಧಕ್ಕೆ, ಕೊಡಲು ಬರುವುದಿಲ್ಲ.

ಮೇಲ್ಮನವಿ ಹಾಕಿದೆ. ಮೇಲಿನ ಸಾಹೇಬರು ನಡುವಿನ ದಾರಿ ಹಿಡಿದರು. "ಆ ಜೋಡಿಗಳಿಗೇ ಪತ್ರ ಬರೆದು ಒಪ್ಪಿಗೆ ಕೇಳಿ. ಆಮೇಲೆ ನೋಡೋಣ."

ನನಗೆ ಬೇಕಾದದ್ದೂ ಅದೇ!

ಗಮನಿಸಿ. ಗುಟ್ಟಿನ ಫೈಲು ಕಪಾಟಿನಲ್ಲಿ ಇರುತ್ತದೆ. ಬೀಗ ಹಾಕಿರುತ್ತಾರೆ. ಆದರೆ ನಿಮ್ಮ ಗುಟ್ಟು ಕೊಡಬಹುದೇ ಅಂತ ಕೇಳುವ ಪತ್ರ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಗಬೇಕಲ್ಲ? ಹೋಗುವ ಮುಂಚೆ ಟಪಾಲು ಟೇಬಲ್ಲಿನ ರವಾನೆ ವಹಿಯಲ್ಲಿ ದಾಖಲಾಗಬೇಕಲ್ಲ? ತಾರೀಖು, ಹೆಸರು, ವಿಳಾಸ. ಆ ವಹಿಗೆ ಬೀಗ ಇರುವುದಿಲ್ಲ. ಅದರ ಪಕ್ಕದಲ್ಲಿ ಒಂದು ಗೋಂದಿನ ಬಾಟಲಿ ಇರುತ್ತದೆ, ಅಷ್ಟೇ. ರವಾನೆ ವಹಿ ನೋಡಬೇಕು ಅಂತ ಇನ್ನೊಂದು ಅರ್ಜಿ ಕೊಟ್ಟರೆ ಮುಗಿಯಿತು. ಈ ದಾರಿ ನಾನೇ ಕಂಡುಹಿಡಿದದ್ದು. ನಾಲ್ಕಾರು ಕಚೇರಿಗಳಲ್ಲಿ ಬಳಸಿದ್ದೆ. ಯಾರೂ ತಡೆದಿರಲಿಲ್ಲ.

ಸೋಮವಾರ ಹೋದೆ. ಗುಮಾಸ್ತ ತರಬೇಕಿತ್ತು. ಕಸ್ತೂರಿ ಮೇಡಂ ತಾವೇ ವಹಿ ತಂದಿಟ್ಟು ಎದುರಿಗೆ ಕೂತರು.

ಹನ್ನೊಂದು ಪತ್ರ. ಹನ್ನೊಂದು ಸಾಲು. ಏಳನೆಯದು: ನಂದಾ ಶಿವಾಜಿ, ಕೇರಾಫ್ ಭೀಮಾಬಾಯಿ, ಕಾಖಂಡಕಿ.

ಪುಟದ ಫೋಟೋ ಹೊಡೆದುಕೊಂಡೆ.

"ಮುಗೀತೇನ್ರಿ?" ಅಂದರು.

"ಮುಗೀತ್ರಿ."

ಅವರು ಅಷ್ಟೇ ಅಂದದ್ದು. ಆದರೆ ವಹಿ ಮುಚ್ಚಲಿಲ್ಲ. ನಾನು ಬಾಗಿಲು ದಾಟುವವರೆಗೂ ನೋಡುತ್ತಲೇ ಇದ್ದರು.

ಮೆಟ್ಟಿಲ ಮೇಲಿಂದಲೇ ಗುರಲಿಂಗಪ್ಪನಿಗೆ ಫೋನ್ ಮಾಡಿದೆ.

"ಹನ್ನೊಂದು ಹೆಸರು ಅದಾವ್ರಿ."

"ಹತ್ತು ನೀನ ಇಟ್ಕೋ. ನಂದಾ ಅಂತ ಐತೇನು?"

ಕಾಲು ನಿಂತಿತು. "ಯಾರ್ರೀ ಈ ನಂದಾ?"

"ನಮ್ಮ ತಮ್ಮನ ಮಗಳು. ಎರಡು ವರ್ಷಾತು ಓಡಿ ಹೋಗಿ. ಸತ್ತಾಳ ಅಂತ ಹೇಳಿ ಊರಿಗೆಲ್ಲ ದಿನದ ಊಟಾನೂ ಹಾಕೀವಿ. ನಮ್ಮ ಮನಿತನಕ್ಕ ಸುಳ್ಳು ಹೇಳಿ ರೂಢಿ ಇಲ್ಲ ಅಮೋಘಿ. ಖರೇ ಮಾಡಬೇಕು."

ಬಳ್ಳಿ ಕತ್ತರಿಸುವ ಸಮಯವಾಯಿತು ಅನ್ನುವಷ್ಟೇ ಸಲೀಸಾಗಿ ಹೇಳಿದ.

"ಇಲ್ರಿ," ಅಂದೆ. "ನಂದಾ ಅಂತ ಯಾರೂ ಇಲ್ಲ."

ಆದರೆ ತಡವಾಗಿತ್ತು. ಒಂದು ಉಸಿರಿನಷ್ಟು. ಅವನು ವ್ಯಾಪಾರಿ. ಎದುರಿನವನ ಮೌನವನ್ನೂ ತೂಗಬಲ್ಲ.

ಫೋಟೋ ಡಿಲೀಟ್ ಮಾಡಿದೆ. ಮೇಲೆ ಹೋಗಿ ಮೇಡಂಗೆ ಹೇಳಬೇಕಿತ್ತು. ಏನಂತ ಹೇಳುವುದು? ಕೊಲೆಗಾರನಿಗೆ ಅರ್ಜಿ ಬರೆದುಕೊಟ್ಟವನು ನಾನೇ ಅಂತಲೇ? ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಗಾಂಧಿ ಚೌಕದಲ್ಲಿ, ತುಂಬಿದ ಸಂತೆಯಂಥ ಗದ್ದಲದಲ್ಲಿ, ಧೂಳಪ್ಪ ಬಂದು ಹೆಗಲ ಮೇಲೆ ಕೈ ಹಾಕಿದ. ಗೆಳೆಯನ ಹಾಗೆ. ಪಕ್ಕೆಗೆ ಚೂರಿ ಒತ್ತಿತ್ತು. ಆಟೋದವರು ಹಾರ್ನ್ ಹೊಡೆದರು, ನಾವು ದಾರಿ ಬಿಟ್ಟೆವು, ಜೀಪು ಹತ್ತಿದೆವು.

ಈಗ ಟಬ್ಬಿಗೆ ಬನ್ನಿ.

ಧೂಳಪ್ಪ ನಾಲ್ಕನೇ ಸಲ ಎತ್ತಿದ. ಎದೆಯಲ್ಲಿ ಗಾಳಿ ಇರಲಿಲ್ಲ. ಆದರೆ ಒಂದು ಸುಳ್ಳು ಇತ್ತು.

"ಕನಮಡಿ!" ಅಂದೆ. "ಕನಮಡಿ!"

ಗುರಲಿಂಗಪ್ಪ ಅಗಿಯುವುದನ್ನು ನಿಲ್ಲಿಸಿದ. "ಕನಮಡಿ? ನಮ್ಮ ಬುಡದಾಗ?"

"ನೀವು ದೂರ ಹುಡಕ್ತೀರಂತ ಅವರಿಗೆ ಗೊತ್ತೈತ್ರಿ."

ನಕ್ಕ. ಎದ್ದು ಧೋತರ ಕೊಡವಿದ. "ಜೀಪ್ ತಗೀರಿ. ಇವನೂ ಬರ್ಲಿ. ಮನಿ ಇವನ ತೋರಿಸ್ತಾನ."

ಮುಂದೆ ಡ್ರೈವರು, ಗುರಲಿಂಗಪ್ಪ. ಹಿಂದೆ ನಾನು, ಧೂಳಪ್ಪ. ಕಾಲಬುಡದಲ್ಲಿ ಎರಡು ಕೊಡಲಿ. ಕನಮಡಿ ದೊಡ್ಡ ಊರು. ಜನರ ನಡುವೆ ಇಳಿದು ಕಿರುಚಿದರೆ ಬದುಕಬಹುದು... ಅಷ್ಟೇ ನನ್ನ ಪ್ಲಾನು.

ಅರ್ಧ ದಾರಿಯಲ್ಲಿ ಧೂಳಪ್ಪ ನನ್ನ ಫೋನ್ ತೆಗೆದ. ನನ್ನ ಹೆಬ್ಬೆರಳು ಹಿಡಿದು ಅದರ ಮೇಲೆ ಒತ್ತಿದ. ತೆರೆಯಿತು.

"ಫೋಟೋ ನೋಡೂಣು."

"ನೋಡು. ಏನೂ ಇಲ್ಲ."

ನೋಡಿದ. ಏನೂ ಇರಲಿಲ್ಲ. ನಾನು ನಕ್ಕೆ.

ಅವನೂ ನಕ್ಕ.

"ಡಿಲೀಟ್ ಮಾಡಿಯಲ್ಲ? ಹುಚ್ಚಪ್ಯಾಲಿ! ಅವು ಕಸದ ಬುಟ್ಟಿಗೆ ಹೋಗಿ ಕುಂದರ್ತಾವ. ತಿಂಗಳತನಕ ಇರ್ತಾವ ಅಲ್ಲೇ. ನನಗ ನನ್ನ ಹೇಂತಿ ಕಲಿಸ್ಯಾಳ ಇದನ್ನ... ತಲಿಗೆ ಮೂರು ಹೊಲಿಗಿ ಬಿದ್ದಿದ್ವು!"

ಫೋನಿಗೆ ಕೈ ಹಾಕಿದೆ, ಮೊಣಕೈಯಿಂದ ತಳ್ಳಿದ.

ಬೆರಳಿನಿಂದ ದೊಡ್ಡದು ಮಾಡಿದ. ತುಟಿ ಅಲುಗಿಸುತ್ತ ಓದಿದ. ಒಂದು, ಎರಡು, ಮೂರು...

"ಸಾವ್ಕಾರ್ರ. ಏಳನೇ ಸಾಲು ನೋಡ್ರಿ."

ಗುರಲಿಂಗಪ್ಪ ನೋಡಿದ. ಫೋನನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ. ತಿರುಗಿದ. ಬೆಳ್ಳಿ ಕಟ್ಟಿದ ಕೋಲಿನ ತುದಿಯಿಂದ ನನ್ನ ಬಾಯಿಗೆ ಹೊಡೆದ. ಒಂದು ಹಲ್ಲು ನಾಲಿಗೆಯ ಮೇಲೆ ಬಿತ್ತು.

"ಇದು ಕನಮಡಿಗೆ," ಅಂದ. "ಕಾಖಂಡಕಿದು ಆಮ್ಯಾಲೆ. ಗಾಡಿ ಹೊಳ್ಳಸು!"

ಜೀಪು ತಿರುಗಿತು.

ಬಬಲೇಶ್ವರದ ದಾರಿ ಹಿಡಿಯಿತು. ಎರಡೂ ಬದಿಗೆ ಒಣ ಎರೆಹೊಲ. ನಾನು ಒಬ್ಬ ಹುಡುಗಿಯ ಬಗ್ಗೆ ಯೋಚಿಸುತ್ತಿದ್ದೆ. ಮುಖ ನೋಡಿಲ್ಲ, ದನಿ ಕೇಳಿಲ್ಲ. ಈ ಹೊತ್ತಿಗೆ ಅನ್ನಕ್ಕೆ ಇಟ್ಟಿರಬಹುದು. ಬಟ್ಟೆ ಒಣಹಾಕುತ್ತಿರಬಹುದು. ಅವಳ ಮನೆಯ ದಾರಿ ಮುಂದಿನ ಸೀಟಿನಲ್ಲಿ, ಒಂದು ಜೇಬಿನಲ್ಲಿ ಇತ್ತು. ಅಲ್ಲಿಟ್ಟವನು ನಾನು.

ಬಬಲೇಶ್ವರ ಹೊಕ್ಕಾಗ ಎದುರಿಗೆ ಕಬ್ಬಿನ ಟ್ರ್ಯಾಕ್ಟರು! ಹಿಂದೆ ಎರಡು ಟ್ರೇಲರು. ಒಂದು ಟ್ರೇಲರಿನ ಗಾಲಿ ಕಳಚಿ ರಸ್ತೆ ತುಂಬ ಕಬ್ಬು. ಡ್ರೈವರು ಬ್ರೇಕ್ ಒತ್ತಿದ. ಹಾರ್ನ್ ಹೊಡೆದ. ಧೂಳಪ್ಪ ಬೈಯಲು ಕಿಟಕಿಯಿಂದ ತಲೆ ಹೊರಗೆ ಹಾಕಿದ.

ಈ ಕಡೆಯ ಬಾಗಿಲು ನನ್ನದಾಗಿತ್ತು.

ಹಾರಿದೆ!

"ಲೇ! ಹಿಡೀರಿ ಅವನ್ನ!"

ಕಬ್ಬಿನ ಮೇಲೆ ಜಾರಿ ಬಿದ್ದೆ. ಎದ್ದೆ. ಟ್ರ್ಯಾಕ್ಟರಿನ ಆಚೆ ಒಂದು ಕೆಂಪು ಬಸ್ಸು ಹೊರಟಿತ್ತು. ಬೋರ್ಡು ಓದುವ ಹೊತ್ತಿರಲಿಲ್ಲ. ಹಿಂದಿನ ಬಾಗಿಲ ಕಂಬಿ ಸಿಕ್ಕಿತು. ಹಿಂದೆ ಧೂಳಪ್ಪ, ಕೈಯಲ್ಲಿ ಕೊಡಲಿ. ಜನ ನೋಡಿ ಕೂಗಿದರು. ಅವನು ನಿಂತ. ಜೀಪಿನ ಕಡೆಗೆ ಓಡಿದ.

"ಎಲ್ಲಿಗ್ರಿ?" ಕಂಡಕ್ಟರ್ ಹೆಂಗಸು. ಎದೆಯ ಮೇಲಿನ ಪಟ್ಟಿಯಲ್ಲಿ ಸುರೈಯಾ ಅಂತಿತ್ತು.

"ಇದು ಎಲ್ಲಿಗೆ ಹೋಗ್ತೈತ್ರಿ?"

"ಕಾಖಂಡಕಿ ಮ್ಯಾಲೆ ಹೋಗ್ತೈತಿ."

ಜೀವನದಲ್ಲಿ ಒಂದು ಸಲ ನನ್ನ ನಸೀಬು ತೆರೆದದ್ದು ಅಲ್ಲೇ.

"ಅಲ್ಲಿಗೇ. ಆದ್ರ ರೊಕ್ಕ ಇಲ್ರಿ ಅಕ್ಕಾರ."

"ಹೆಣ್ಮಕ್ಕಳಿಗೆ ಫ್ರೀ ಐತ್ರಿ. ರಕ್ತಾ ಬಂದೋರಿಗೆ ಇಲ್ಲ." ಅಂದವಳೇ ನನ್ನ ಬಾಯಿ ನೋಡಿದಳು. ದನಿ ಇಳಿಯಿತು. "ಏನಾತು ಯಪ್ಪಾ?"

"ಒಬ್ಬಾಕಿನ್ನ ಕೊಲ್ಲಾಕ ಹೊಂಟಾರ. ನಿಮ್ಮ ಫೋನ್ ಕೊಡ್ರಿ!"

ಕೊಟ್ಟಳು. ನನಗೆ ಬಾಯಿಪಾಠ ಇರುವ ನಂಬರುಗಳೆಲ್ಲ ಸರ್ಕಾರಿ ಕಚೇರಿಗಳವು. ಕಸ್ತೂರಿ ಮೇಡಂ ಟೇಬಲ್ಲಿಗೆ ಹಚ್ಚಿದೆ.

"ಮೇಡಂ! ಅಮೋಘಸಿದ್ದ. ಬಸ್ಸಿನ್ಯಾಗ ಅದೀನಿ. ನಂದಾನ ವಿಳಾಸ ಸಿಕ್ಕೈತಿ ಅವರಿಗೆ. ಕಾಖಂಡಕಿಗೆ ಹೊಂಟಾರ. ಕೊಡಲಿ ಅದಾವ. ಪೊಲೀಸರಿಗೆ ಹೇಳ್ರಿ, ಆಕೀಗೆ ಹೇಳ್ರಿ, ಓಡಿ ಹೋಗ್ಲಿ!"

ಆ ಕಡೆ ಯಾವುದೋ ಬಾಗಿಲು ಮುಚ್ಚಿದ ಸದ್ದು. ಆಮೇಲೆ ಫ್ಯಾನಿನದು.

"ಮೇಡಂ?"

"ಹೋಗ್ಲಿ," ಅಂದರು.

"ಏನಂದ್ರಿ?"

"ಅವರು ಹೋಗ್ಲಿ ಅಂದೆ. ನೀವು ಬಸ್ ಇಳೀಬ್ಯಾಡ್ರಿ."

ಕಟ್!

ಫೋನ್ ಹಿಡಿದು ನಿಂತೆ. ವಹಿಯನ್ನು ತಾವೇ ತಂದು ನನ್ನ ಮುಂದೆ ಇಟ್ಟಿದ್ದರಲ್ಲ... ತೆರೆದೇ ಇಟ್ಟಿದ್ದರಲ್ಲ... ಈ ಹೆಂಗಸೂ ಅವರ ಕಡೆಯೇ? ನಾನು ಒಬ್ಬನೇ ಮಾರಿದೆ ಅಂದುಕೊಂಡಿದ್ದೆ. ಅಂಗಡಿಯಲ್ಲಿ ಇಬ್ಬರು ಇದ್ದೆವೋ ಏನೋ!

"ಅಕ್ಕಾರ, ಜೋರಾಗಿ ಹೊಡೀಲಿಕ್ಕೆ ಹೇಳ್ರಿ!"

"ಹೇಳಬಹುದ್ರಿ. ಬಸ್ ಕೇಳಬೇಕಲ್ಲ?"

ಕೈ ಎತ್ತಿದವರಿಗೆಲ್ಲ ಬಸ್ಸು ನಿಂತಿತು. ಒಬ್ಬ ಮುದುಕ ಎರಡು ಕುರಿಮರಿ ಹತ್ತಿಸಿದ. ಅವು ಸೀಟಿನ ಕೆಳಗೆ ಹೋಗಿ ಕೂರುವಷ್ಟರಲ್ಲಿ ಬಲಗಡೆಯಿಂದ ಜೀಪು ಧೂಳೆಬ್ಬಿಸಿಕೊಂಡು ಹೋಯಿತು. ಮುಂದಿನ ಸೀಟಿನಲ್ಲಿ ಗುರಲಿಂಗಪ್ಪ. ಈ ಕಡೆ ತಿರುಗಿಯೂ ನೋಡಲಿಲ್ಲ. ನಾನು ಅವನಿಗೆ ಮುಗಿದ ಕೆಲಸ.

ಕಾಖಂಡಕಿಯಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿದೆ.

"ಭೀಮಾಬಾಯಿ ಮನಿ! ಭೀಮಾಬಾಯಿ ಮನಿ ಎಲ್ಲಿ?"

ಕಟ್ಟೆಯ ಮೇಲೆ ಕೂತವನೊಬ್ಬ ಬೆರಳು ತೋರಿಸಿದ. ಸಂದಿ. ತಿರುವು. ಬಾಗಿಲು ತೆರೆದುಕೊಂಡು ನಿಂತ ಜೀಪು. ಒಳಗಿನಿಂದ ಹೆಂಗಸಿನ ಕಿರುಚಾಟ!

ಒಳಗೆ ನುಗ್ಗಿದೆ.

ಕಿರುಚಾಟ ಅಲ್ಲ. ಬೈಗುಳ.

ಅಂಗಳದ ನಡುವೆ ಎಂಬತ್ತರ ಮುದುಕಿ. ಮುಂದೆ ಮೊರ, ಜೋಳ. ಎದುರಿಗೆ ಗುರಲಿಂಗಪ್ಪ, ಧೂಳಪ್ಪ, ಎರಡು ಕೊಡಲಿ.

"ಕೆರವಿನ ಕಾಲಾಗ ಬಂದೀರಲ್ಲೋ ಮೂಳಗೋಳ್ಯಾ! ಈಗ ಸಾರಿಸೀನಿ ಅಂಗಳ!"

"ಏ ಮುದುಕಿ, ನಂದಾನ್ನ ಹೊರಗ ಕರಿ."

"ಯಾವ ನಂದಾ? ನಿನ್ನ ಹೇಂತಿಯೇನು? ನಿನ್ನ ಹೇಂತಿನ್ನ ನನ್ನ ಮನ್ಯಾಗ ಯಾಕ ಹುಡಕಾಕತ್ತೀ?"

"ಧೂಳಪ್ಪ, ಬಾಗಲಾ ಒದಿ!"

"ಬ್ಯಾಡ!" ನಾನು ಕೂಗಿದೆ.

ಧೂಳಪ್ಪ ಒದ್ದ. ಒಳಮನೆಯ ಬಾಗಿಲು ಗೋಡೆಗೆ ಬಡಿಯಿತು.

ಒಳಗೆ ಚಾಪೆಯ ಮೇಲೆ ನಾಲ್ಕು ಜನ ಪೊಲೀಸರು ಕೂತಿದ್ದರು. ಕೈಯಲ್ಲಿ ಮಜ್ಜಿಗೆ ಲೋಟ. ನಡುವಿನವರು ಸಬ್‌ಇನ್‌ಸ್ಪೆಕ್ಟರು. ಲೋಟ ಕೆಳಗಿಟ್ಟು ಮೀಸೆ ಒರೆಸಿಕೊಂಡರು.

"ಬರ್ರಿ ಸಾವ್ಕಾರ್ರ. ಭಾಳ ದಾರಿ ಕಾಯಿಸಿದ್ರಿ."

ಧೂಳಪ್ಪನ ಕೈಯಿಂದ ಕೊಡಲಿ ತಾನಾಗಿ ಬಿತ್ತು.

ಗುರಲಿಂಗಪ್ಪನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ನಮ್ಮ ಮನಿ ಹುಡುಗಿನ್ನ ಮಾತಾಡ್ಸಾಕ ಬಂದೀವ್ರಿ."

"ಸತ್ತಾಳಂತ ಊಟಾ ಹಾಕಿದ್ರಲ್ರೀ? ಸತ್ತಾಕಿನ್ನ ಮಾತಾಡ್ಸಾಕ ಕೊಡಲಿ ಯಾಕ?" ಸಾಹೇಬರು ನನ್ನ ಕಡೆ ನೋಡಿದರು. "ಮತ್ತ ಈ ರಕ್ತದವ ಯಾರು?"

"ಇವರ ಟಬ್ಬಿನ್ಯಾಗ ಇದ್ದವ್ರಿ," ಅಂದೆ.

ಪೊಲೀಸ್ ಜೀಪು ಹತ್ತುವಾಗ ಗುರಲಿಂಗಪ್ಪ ನನ್ನ ಪಕ್ಕ ನಿಂತ. ಕಿವಿಯ ಹತ್ತಿರ ಬಗ್ಗಿದ. "ನಾ ಹೊರಗ ಬರ್ತೇನಿ, ಅಮೋಘಿ."

"ಬರ್ರಿ. ಗಾಂಧಿ ಚೌಕ, ಬಟ್ಟಿ ಅಂಗಡಿ ಮ್ಯಾಲೆ. ಬರಕೋರಿ."

ಮಧ್ಯಾಹ್ನ ಠಾಣೆಯಲ್ಲಿ ಬೆಂಚಿನ ಮೇಲೆ ಕೂತಿದ್ದೆ. ಬಾಯಿಗೆ ಒದ್ದೆ ಬಟ್ಟೆ. ಕಸ್ತೂರಿ ಮೇಡಂ ಬಂದರು. ಪಕ್ಕದಲ್ಲಿ ಕೂತರು, ನಡುವೆ ಒಂದು ಆಳು ಕೂರುವಷ್ಟು ಜಾಗ ಬಿಟ್ಟು.

"ಆ ಭೀಮಾಬಾಯಿ ಯಾರ್ರೀ?" ಅಂದೆ.

"ನಮ್ಮವ್ವ."

ನಾನು ಬಟ್ಟೆ ಕೆಳಗಿಳಿಸಿದೆ.

"ನೀವು ಯಾವ ಆಫೀಸಿಗೆ ಹೋದ್ರೂ ಅದ ವಹಿ ಕೇಳ್ತೀರಂತ ಎಲ್ಲಾರಿಗೂ ಗೊತ್ತೈತಿ. ಇಲ್ಲೂ ಕೇಳ್ತೀರಂತ ನನಗ ಗೊತ್ತಿತ್ತು. ಆ ಹುಡುಗಿ ರೊಕ್ಕಕ್ಕ ಅರ್ಜಿ ಕೊಡುವಾಗನ ಅತ್ತಿದ್ಲು, ವಿಳಾಸ ಯಾರಿಗೂ ಕೊಡಬ್ಯಾಡ್ರಿ ಅಂತ. ಅದಕ್ಕ ಆಕೀ ಕೈಲೇ ಬರಿಸಿಕೊಂಡೆ. ನನ್ನ ಪತ್ರ ಭೀಮಾಬಾಯಿ ಮನಿಗೆ ಕಳಸ್ರಿ ಅಂತ. ಕಾಗದ ಖರೇನ ಐತಿ. ಆಕೀ ಮಾತ್ರ ಅಲ್ಲಿಲ್ಲ. ಎಂದೂ ಇದ್ದಿಲ್ಲ."

"ನಿಮ್ಮವ್ವನ ಮನಿ ಯಾಕ ಮೇಡಂ? ಕೊಡಲಿ ತಗೊಂಡು ಬರೋರು..."

"ಬ್ಯಾರೇದವರ ವಿಳಾಸ ಕೊಡಾಕ ನನಗ ಹಕ್ಕಿಲ್ರಿ. ಅವ್ವನ್ನ ಕೇಳಿದೆ. ಬರ್ಲಿ ಹಲ್ಕಟ್ಟ್ಯಾರು ಅಂದ್ಲು."

"ಪೊಲೀಸರು?"

"ಸೋಮವಾರ ಸಂಜಿಂದ ಅಲ್ಲೇ ಅದಾರ. ನೀವು ಫೋಟೋ ಹೊಡದಕೂಡ್ಲೇ ಹೇಳಿದೆ. ಅವತ್ತ ರಾತ್ರೀನ ಅವರು ಬರ್ತಾರಂತ ತಿಳಿದಿದ್ದೆ. ಎರಡು ದಿನ ತಡ ಯಾಕಾತು ಅಂತ ನನಗ ತಿಳೀಲಿಲ್ಲ."

ನಾನು ತುಟಿ ಎತ್ತಿ ಖಾಲಿ ಜಾಗ ತೋರಿಸಿದೆ.

ಅವರು ನೋಡಿದರು.

"ನನಗೊಂದು ಮಾತು ಹೇಳಬಹುದಿತ್ತಲ್ರೀ," ಅಂದೆ.

"ನಿಮ್ಮ ಮ್ಯಾಲೆ ನಂಬಿಕಿ ಇರಲಿಲ್ಲ."

"ಈಗ?"

ಅವರು ಬಾಗಿಲ ಕಡೆ ನೋಡಿದರು.

ಆಗ ಅವಳು ಬಂದಳು.

ಇಪ್ಪತ್ತೆರಡೋ ಇಪ್ಪತ್ತಮೂರೋ. ತಲೆಯ ಮೇಲೆ ಸೆರಗು. ಪಕ್ಕದಲ್ಲಿ ಗಂಡ ಶಿವಾಜಿ, ಅವಳ ಕೈಚೀಲ ಹಿಡಿದುಕೊಂಡು. ಹೇಳಿಕೆ ಬರೆಯುವ ಟೇಬಲ್ಲು ನನ್ನ ಬೆಂಚಿನಿಂದ ನಾಲ್ಕು ಹೆಜ್ಜೆ. ಬರೆಯುವ ಪೇದೆ ಹಾಳೆ ಸರಿಮಾಡಿ ಪೆನ್ನು ಬಿಚ್ಚಿದ.

"ಹೆಸರು?"

"ನಂದಾ."

"ಗಂಡನ ಹೆಸರು?"

"ಶಿವಾಜಿ."

"ಈಗ ಎಲ್ಲಿ ಇರ್ತೀರಿ?"

ಅವಳು ಬಾಯಿ ತೆರೆದಳು. ನಿಲ್ಲಿಸಿದಳು. ತಿರುಗಿ ನನ್ನನ್ನು ನೋಡಿದಳು. ಶಿವಾಜಿ ನೋಡಿದ. ಪೇದೆ ಪೆನ್ನು ಎತ್ತಿ ಹಿಡಿದು ನೋಡಿದ. ಕಸ್ತೂರಿ ಮೇಡಂ ಮಾತ್ರ ನೋಡಲಿಲ್ಲ, ತಮ್ಮ ಅಂಗೈ ನೋಡುತ್ತಿದ್ದರು.

ನಾನು ಕೇಳಿದ್ದನ್ನು ಮರೆಯುವ ಜಾತಿಯವನಲ್ಲ. ಒಂದು ವಿಳಾಸ ಕಿವಿಗೆ ಬಿದ್ದರೆ ಸಾಯುವವರೆಗೂ ಅಲ್ಲೇ ಇರುತ್ತದೆ. ನಾಳೆ ಯಾರೋ ಬರುತ್ತಾರೆ, ಇನ್ನೊಂದು ಟಬ್ಬು ತರುತ್ತಾರೆ, ನಾಲ್ಕು ಸಲ ಅಲ್ಲ, ಐದು ಸಲ ಮುಳುಗಿಸುತ್ತಾರೆ... ಐದನೇ ಸಲಕ್ಕೆ ನಾನು ಏನು ಮಾಡುತ್ತೇನೆ ಅಂತ ನನಗೇ ಗೊತ್ತಿಲ್ಲ.

ಎದ್ದೆ. ಪಕ್ಕೆ ಹಿಡಿದುಕೊಂಡು ಹೊರಗೆ ನಡೆದೆ. ಹಿಂದೆ ಬಾಗಿಲು ಎಳೆದೆ. ಸದ್ದು ಒಳಗೇ ಉಳಿಯುವ ಹಾಗೆ ಗಟ್ಟಿಯಾಗಿ.

ಠಾಣೆಯ ಎದುರಿಗೆ ಚಹಾದ ಗಾಡಿ ಇತ್ತು. ಚಹಾದವನು ನನ್ನ ಬಾಯಿ ನೋಡಿದ, ಅಂಗಿ ನೋಡಿದ, ಕೇಳದೆಯೇ ಒಂದು ಕಪ್ಪು ಕೈಗಿಟ್ಟ.

"ಎಲ್ಲಾರ ಬಿದ್ದ್ರೇನ್ರೀ ಯಪ್ಪಾ? ಯಾವೂರ್ರೀ ನಿಮ್ದು? ಎಲ್ಲಿ ಇರ್ತೀರಿ?"

ಚಹಾ ಬಾಯಿಗೆ ಹಾಕಿ ಮುಕ್ಕಳಿಸಿ ಉಗುಳಿದೆ. ಕೆಂಪಾಗಿತ್ತು.

"ಅರ್ಜಿ ಕೊಡು," ಅಂದೆ. "ಮೂವತ್ತು ದಿನದಾಗ ಹೇಳ್ತೇನಿ."